ಗೋಡೆ ಮೇಲಿನ ಗೆಲುವು

ಕೆ.ಆರ್. ಪೇಟೆ ಕಡೆಯ ನಮ್ಮೂರಿಂದ ಅಪ್ಪನನ್ನ ಕರ್ಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟಿದ್ದೆ. ದಾರೀಲಿ ಪಾಂಡವಪುರದ ಕುಂತಿಬೆಟ್ಟ. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬಿಡಾರ ಹೂಡಿದ್ದಕ್ಕೇ ಬ್ರಿಟಿಷರು ಆ ಊರನ್ನ ಫ್ರೆಂಚ್ ರಾಕ್ಸ್ ಅಂತಿದ್ದರು. ಅದೇ ಫ್ರೆಂಚರು ದರಿಯಾ ದೌಲತ್ತಿನ ಪಶ್ಚಿಮದ ಗೋಡೆ ಮೇಲೂ ಇದ್ದಾರೆ.

ಗೋಡೆ ಮುಂದೆ ನಿಂತು ಗೈಡ್ ಥರ ಶುರು ಮಾಡಿದೆ: 'ಇದು 1780ರ ಪೊಳ್ಳಿಲೂರು ಯುದ್ಧ. ಕಂಪನಿ ಸೈನ್ಯ ಸೋತಿದ್ದು. ಈ ಅರಮನೆ ಕಟ್ಟಿಸಿದ್ದು 1784ರಲ್ಲಿ.'

ಅಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದ. 'ಗೆದ್ದೋರ್ ಮಖದಲ್ಲಿ ಒಂದ್ ತೊಟ್ಟು ಬೆವ್ರಿಲ್ವಲ್ಲೋ ಮಗ. ಸೋತೋನೇ ಮನ್ಸ ಇದ್ದಂಗವ್ನೆ.'

ನಾನು ನಾಲ್ಕು ಸಲ ನೋಡಿದ್ದರೂ ಇದು ಕಂಡಿರಲಿಲ್ಲ. ಹೈದರ್, ಟಿಪ್ಪು ಮೆರವಣಿಗೆಗೆ ಹೊರಟವರಂತೆ ನಿರಾಳ. ಗಾಯಗೊಂಡ ಕರ್ನಲ್ ಬೇಲಿ ಮಾತ್ರ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಸುತ್ತ ಕುದುರೆ, ಕತ್ತಿ, ಸಿಡಿಯುವ ಮದ್ದಿನ ಗಾಡಿ. ನಮ್ಮ ಆಫೀಸಿನ ಸಕ್ಸೆಸ್ ಸ್ಟೋರಿ ಸ್ಲೈಡಿನ ಹಾಗೆ ಈ ಚಿತ್ರಕ್ಕೂ ಗೆದ್ದವರ ಆಯಾಸ ಬೇಕಿಲ್ಲ. ಆದರೆ ಕಲಾವಿದನ ಕುಂಚಕ್ಕೆ ಜೀವ ಬಂದಿರೋದು ಆ ಹೆದರಿದ ಮುಖದಲ್ಲೇ.

ಇನ್ನೊಂದು ತಮಾಷೆ ಇದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಲ್ಲೇ ವಾಸವಿದ್ದ ವೆಲ್ಲೆಸ್ಲಿ, ಹಾಳಾಗಿದ್ದ ಈ ಚಿತ್ರಗಳನ್ನ ಸರಿಪಡಿಸಿದ. ಮುಂದೆ ಡಾಲ್‌ಹೌಸಿಯೂ ಮತ್ತೆ ಬಣ್ಣ ಕೊಡಿಸಿದ. ತಮ್ಮದೇ ಸೋಲಿನ ಚಿತ್ರಕ್ಕೆ! ಇದನ್ನ ದೊಡ್ಡ ಮನಸ್ಸು ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಪೂರ್ತಿ ಗೆದ್ದ ಮೇಲೆ ಹಳೇ ಸೋಲಿಗೆ ಫ್ರೇಮ್ ಹಾಕಿಸೋದು ಸುಲಭ. ಟಿಪ್ಪು ನಿಜವಾಗಿ ಬದುಕಿದ್ದ ಲಾಲ್ ಮಹಲನ್ನ ಅವರು ಉಳಿಸಲಿಲ್ಲ, ಕೆಡವಿದರು. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವು. ಟೀಮ್ ಔಟಿಂಗಿನಲ್ಲಿ ಆ ಚರ್ಚಿನ ಮುಂದೆ ಸೆಲ್ಫಿ ತಗೊಂಡಿದ್ದೆ. ತಲೆ ಎತ್ತಿ ತೊಲೆ ನೋಡಿರಲಿಲ್ಲ.

ನಾವೂ ಅಷ್ಟೇ. ಟಿಪ್ಪು ಪರವೋ ವಿರೋಧವೋ ಅಂತ ಫೋನಲ್ಲಿ ಕಿತ್ತಾಡ್ತೀವಿ. ಬಣ್ಣದ ಗೋಡೆ ನೋಡಿ, ಎಳನೀರು ಕುಡಿದು, ಕಾರು ಹತ್ತುತೀವಿ. ಖಾಲಿ ಜಾಗ ನೋಡೋಕೆ ಯಾರೂ ಹೋಗಲ್ಲ. ಮುಂದಿನ ಸಲ ಹೋದಾಗ ರಂಗನಾಥನ ದೇವಸ್ಥಾನದ ಹತ್ತಿರ ಅರಮನೆಯ ಅಡಿಪಾಯ ಉಳಿದಿರೋ ಕಡೆ ಹತ್ತು ನಿಮಿಷ ನಿಲ್ಲಿ. ಚಿತ್ರ ಹೇಳದ ಅರ್ಧ ಕತೆ ಅಲ್ಲಿದೆ.

ಅಪ್ಪನನ್ನೂ ಕರ್ಕೊಂಡು ಹೋದೆ. ಕಲ್ಲು ಸವರುತ್ತಾ ಕೇಳಿದ: 'ಮರ ಎಲ್ಲೋಯ್ತು?'

'ಊಟಿಗೆ.'

ಸ್ವಲ್ಪ ಹೊತ್ತು ಬಿಟ್ಟು, 'ನಮ್ಮವು?' ಅಂದ.

ಮೂರು ವರ್ಷದ ಹಿಂದೆ ಆರ್‌ಸಿಸಿ ಮನೆ ಕಟ್ಟುವಾಗ ತೊಟ್ಟಿಮನೆಯ ಹಲಸಿನ ಕಂಬಗಳನ್ನ ಹಟ ಮಾಡಿ ಮಾರಿಸಿದವನು ನಾನೇ. ಕೊಂಡವರ ಹೆಸರೂ ನೆನಪಿಲ್ಲ. ಗೃಹಪ್ರವೇಶದ ಫೋಟೋಗೆ ಮಾತ್ರ ಚೆನ್ನಾಗಿ ಫ್ರೇಮ್ ಹಾಕಿಸಿದೀನಿ.