ದಳದ ಚಿತ್ತಾರ: ಹಾರ್ಮೋನಿನ ಪಾಲೆಷ್ಟು?

ಅಲಂಕಾರಿಕ ಸಸ್ಯಕ್ಕೆ ಜಿಬ್ಬರೆಲಿನ್ ಸಿಂಪಡಿಸಿದಾಗ ಹೂವಿನ ಬಣ್ಣ ಬದಲಾದರೆ, ‘ದಳದ ಚಿತ್ತಾರವನ್ನು ಹಾರ್ಮೋನು ರೂಪಿಸುತ್ತದೆ’ ಎಂಬ ತೀರ್ಮಾನ ವಿದ್ಯಾರ್ಥಿ ಯೋಜನೆಯ ವರದಿಯೊಳಗೆ ಸುಲಭವಾಗಿ ನುಸುಳುತ್ತದೆ. ಇದರಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ದಳದಲ್ಲಿ ವರ್ಣಕ ಎಷ್ಟು ತಯಾರಾಗುತ್ತದೆ ಎಂಬುದು ಒಂದು. ದಳದ ಯಾವ ಭಾಗದಲ್ಲಿ ತಯಾರಾಗುತ್ತದೆ ಎಂಬುದು ಇನ್ನೊಂದು. ಇವನ್ನು ಬಿಡಿಸಿ ನೋಡಲು ಪೆಟೂನಿಯ ಹೂವು ಒಳ್ಳೆಯ ಉದಾಹರಣೆ.

ಮೊದಲನೆಯ ಪ್ರಶ್ನೆಗೆ ಇಸ್ರೇಲಿನ ವೈಸ್ ಮತ್ತು ಹಾಲೆವಿ 1989ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಎಳೆಯ ಮೊಗ್ಗಿನ ಕೇಸರಗಳನ್ನು ತೆಗೆದಾಗ ದಳಗಳ ಬೆಳವಣಿಗೆ ಕುಂಠಿತವಾಯಿತು, ಬಣ್ಣವೂ ಕುಂದಿತು. ಜಿಬ್ಬರೆಲಿನ್ ಕೊಟ್ಟಾಗ ಎರಡೂ ಚೇತರಿಸಿಕೊಂಡವು. ಆಂಥೋಸಯನಿನ್ ತಯಾರಿಕೆಗೆ ಬೇಕಾದ ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವದ ಜೀನನ್ನು ಈ ಹಾರ್ಮೋನು ಚುರುಕುಗೊಳಿಸುತ್ತದೆ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು. ಅಂದರೆ ಬಣ್ಣದ ಪ್ರಮಾಣದಲ್ಲಿ ಹಾರ್ಮೋನಿನ ಪಾತ್ರ ಖಚಿತ.

ಎರಡನೆಯ ಪ್ರಶ್ನೆಯ ಕಥೆ ಬೇರೆ. ನಕ್ಷತ್ರದಂತೆ ಬಿಳಿ ಪಟ್ಟೆಗಳಿರುವ ಪೆಟೂನಿಯ ತಳಿಗಳಲ್ಲಿ, ಬಿಳಿ ಭಾಗದಲ್ಲೂ ಅದೇ ಜೀನು ಇರುತ್ತದೆ. ಆದರೆ ಅದರ ಸಂದೇಶವಾಹಕ ಆರ್‌ಎನ್‌ಎಯನ್ನು ಪುಟ್ಟ ಆರ್‌ಎನ್‌ಎ ತುಣುಕುಗಳ ನೆರವಿನಿಂದ ಜೀವಕೋಶವೇ ಕತ್ತರಿಸಿಹಾಕುತ್ತದೆ. ಕಿಣ್ವವಿಲ್ಲದೆ ವರ್ಣಕವಿಲ್ಲ. ಇದರ ಮೊದಲ ಸುಳಿವು 1990ರಲ್ಲಿ ಅಮೆರಿಕದಲ್ಲಿ ಸಿಕ್ಕಿತು. ಇದೇ ಜೀನಿನ ಹೆಚ್ಚುವರಿ ಪ್ರತಿ ಸೇರಿಸಿದ ಪೆಟೂನಿಯಗಳಲ್ಲಿ ಬಣ್ಣ ಗಾಢವಾಗುವ ಬದಲು ಹಲವು ಹೂಗಳು ಬಿಳಿಯಾದವು, ಕೆಲವು ಬಿಳಿ-ಬಣ್ಣ ಬೆರೆತು ಅರಳಿದವು.

ಇಂಥ ತಳಿಯ ಬಿಳಿ ಪಟ್ಟೆ ತಾಪ ಮತ್ತು ಬೆಳಕಿಗನುಗುಣವಾಗಿ ಹಿಗ್ಗಬಹುದು, ಕುಗ್ಗಬಹುದು. ಕೆಲವು ವೈರಸ್‌ಗಳು ತಗುಲಿದರೆ ಬಿಳಿ ಭಾಗಕ್ಕೂ ಬಣ್ಣ ಬರುತ್ತದೆ. ಸಿಂಪಡಿಸಿದ ಗಿಡ ಬಿಸಿಲಿನಲ್ಲಿ, ಸಿಂಪಡಿಸದ ಗಿಡ ನೆರಳಿನಲ್ಲಿ ಇದ್ದರೆ ಫಲಿತಾಂಶದ ಶ್ರೇಯಸ್ಸನ್ನು ಹಾರ್ಮೋನಿಗೆ ಕೊಡುವುದು ಹೇಗೆ? ಇನ್ನೊಂದು ಮೋಸವೂ ಇದೆ. ಜಿಬ್ಬರೆಲಿನ್‌ನಿಂದ ದಳ ದೊಡ್ಡದಾದರೆ ಪಟ್ಟೆಯೂ ಅಗಲವಾಗುತ್ತದೆ. ದಳದಲ್ಲಿ ಅದರ ಪಾಲು ಮಾತ್ರ ಇದ್ದಷ್ಟೇ ಇರಬಹುದು. ಪಟ್ಟೆಯ ಅಗಲವನ್ನಷ್ಟೇ ಅಳೆದವರಿಗೆ ಇದು ಕಾಣುವುದಿಲ್ಲ.

ಯಾವ ಹೂವಿನ ಚಿತ್ತಾರದಲ್ಲೂ ಹಾರ್ಮೋನಿನ ಪಾತ್ರವಿಲ್ಲ ಎಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಆದರೆ ಪಾತ್ರವಿದೆ ಎನ್ನುವವರು ಪುರಾವೆ ಒದಗಿಸಬೇಕು. ಒಂದೇ ತಾಯಿಗಿಡದ ಕಡ್ಡಿಗಳಿಂದ ಬೆಳೆಸಿದ ಗಿಡಗಳನ್ನು ಒಂದೇ ಜಾಗದಲ್ಲಿಡಬೇಕು. ಜಿಬ್ಬರೆಲಿನ್ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಆಲ್ಕೊಹಾಲ್ ಬಳಸುತ್ತೇವಷ್ಟೆ. ಹೋಲಿಕೆಯ ಗಿಡಗಳಿಗೂ ಅಷ್ಟೇ ಆಲ್ಕೊಹಾಲ್ ಬೆರೆತ ನೀರನ್ನು ಸಿಂಪಡಿಸಬೇಕು. ಗ್ರಾಫ್ ಹಾಳೆಯ ಮೇಲೆ ದಳವನ್ನಿಟ್ಟು, ಚೌಕಗಳನ್ನೆಣಿಸಿ ಬಿಳಿ ಭಾಗದ ಶೇಕಡಾ ಪ್ರಮಾಣ ಕಂಡುಕೊಳ್ಳಬೇಕು. ವರ್ಣಕದ ಪ್ರಮಾಣವನ್ನು ಬೇರೆಯಾಗಿ ಅಳೆಯಬೇಕು.

‘ಬಣ್ಣ ಹೆಚ್ಚಿತು’ ಮತ್ತು ‘ಚಿತ್ತಾರ ಬದಲಾಯಿತು’ ಎಂಬ ಎರಡು ವಾಕ್ಯಗಳಿಗೆ ಎರಡು ಅಳತೆಗಳು ಬೇಕು. ಅಷ್ಟನ್ನು ವಿದ್ಯಾರ್ಥಿಯಿಂದ ಕೇಳುವುದು ಮಾರ್ಗದರ್ಶಕ ಶಿಕ್ಷಕರ ಹೊಣೆ.