ಎರೆಹೊಲದ ಸೂರ್ಯಕಾಂತಿ: ಒಂದು ಬೆಳೆಯ ಏರಿಳಿತ

ಸೂರ್ಯಕಾಂತಿ ಎಣ್ಣೆಬೀಜದ ಬೆಳೆಯಾಗಿ ಭಾರತಕ್ಕೆ ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದಿಂದ. ಮೊದಲು ಬಂದವು ಪೆರೆಡೋವಿಕ್, ಅರ್ಮಾವಿರ್ಸ್ಕಿ ಮುಂತಾದ ತಳಿಗಳು. ಗಿಡ್ಡಗೆ ಬೆಳೆದು ಬೇಗ ಕೊಯ್ಲಿಗೆ ಬರುವ ಮಾರ್ಡನ್ ಕೂಡ ರೈತರ ಕೈ ಸೇರಿತು. ಹಗಲಿನ ಉದ್ದ ಹೆಚ್ಚುಕಡಿಮೆಯಾದರೂ ಈ ಗಿಡ ಹೂ ಬಿಡುತ್ತದೆ. ಹಾಗಾಗಿ ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಕಾಲಕ್ಕೆ ಬಿತ್ತಬಹುದು. ಎಕರೆಗೆ ಎರಡು ಕಿಲೋ ಬೀಜ ಸಾಕು, ಮೂರು ತಿಂಗಳಲ್ಲಿ ಫಸಲು ಕೈಗೆ ಬರುತ್ತದೆ. ಮಳೆ ತಡವಾಗಿ ಬೇರೆ ಬೆಳೆಗಳ ಹದ ತಪ್ಪಿದ ವರ್ಷ ರಾಯಚೂರು, ಕೊಪ್ಪಳ, ಬಳ್ಳಾರಿ, ಗದಗದ ಎರೆಹೊಲಗಳಿಗೆ ಇದು ಚೆನ್ನಾಗಿ ಒಗ್ಗಿತು.

ತಳಿ ಅಭಿವೃದ್ಧಿಯಲ್ಲಿ ಕರ್ನಾಟಕದ ಸಾಧನೆ ನಿಜಕ್ಕೂ ದೊಡ್ಡದು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1, 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂತು. ಕೆಬಿಎಸ್‌ಎಚ್ ಸರಣಿಯ ಹೈಬ್ರಿಡ್‌ಗಳು ಮುಂದೆ ಬಂದವು. 1986ರಲ್ಲಿ ಆರಂಭವಾದ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಹಾಗೂ ಬಿಗಿಯಾಗಿದ್ದ ಆಮದು ನೀತಿ ಬೆಳೆಗೆ ಒತ್ತಾಸೆಯಾದವು. 1993-94ರ ಹೊತ್ತಿಗೆ ದೇಶದಲ್ಲಿ ಸೂರ್ಯಕಾಂತಿ ಸುಮಾರು 26 ಲಕ್ಷ ಹೆಕ್ಟೇರಿಗೆ ಹಬ್ಬಿತ್ತು. ಅದರಲ್ಲಿ ಅತಿ ದೊಡ್ಡ ಪಾಲು ಕರ್ನಾಟಕದ್ದು.

ಆದರೆ ಬಿತ್ತನೆ ಹಬ್ಬಿದಷ್ಟು ಇಳುವರಿ ಏರಲಿಲ್ಲ. ಮಳೆಯಾಶ್ರಿತ ಹೊಲದಲ್ಲಿ ಹೆಕ್ಟೇರಿಗೆ ಆರೇಳು ಕ್ವಿಂಟಲ್ ಸಿಕ್ಕರೆ ಅದೇ ಹೆಚ್ಚೆನ್ನುವಂತಾಯಿತು. ಕಾರಣವನ್ನು ಹೂವಿನಲ್ಲೇ ಕಾಣಬಹುದು. ತಟ್ಟೆಯಂಥ ಒಂದು ತೆನೆಯಲ್ಲಿ ನೂರಾರು ಕಿರುಹೂಗಳು ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಅರಳುತ್ತವೆ. ಇನ್ನೊಂದು ಗಿಡದ ಪರಾಗ ಬೀಳದಿದ್ದರೆ ಹಳೆಯ ತಳಿಗಳಲ್ಲಿ ಕಾಳು ಕಟ್ಟುವುದು ತೀರಾ ಕಡಿಮೆ, ಹೈಬ್ರಿಡ್‌ಗಳಲ್ಲೂ ಜೇನು ಬಂದರೆ ಇಳುವರಿ ಹೆಚ್ಚು. ಹೊರಗಿನಿಂದ ತುಂಬಿಕೊಂಡಂತೆ ಕಾಣುವ ತೆನೆಯನ್ನು ಬಿಡಿಸಿದರೆ ನಡುಭಾಗ ಪೂರ್ತಿ ಜೊಳ್ಳು. ಇದಕ್ಕೆ ಪರಿಹಾರವೂ ಗೊತ್ತಿತ್ತು. ಹೊಲದಲ್ಲಿ ಜೇನುಪೆಟ್ಟಿಗೆ ಇಡಬೇಕು. ಇಲ್ಲವಾದರೆ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಅಂಗೈಗೆ ಮೆತ್ತನೆಯ ಹತ್ತಿಬಟ್ಟೆ ಸುತ್ತಿ, ದಿನ ಬಿಟ್ಟು ದಿನ ತೆನೆಯಿಂದ ತೆನೆಗೆ ಸವರಬೇಕು. ಹೂ ಬಿಚ್ಚುವಾಗ ಬೋರಾಕ್ಸ್ ದ್ರಾವಣ ಸಿಂಪಡಿಸಬೇಕು. ಕೂಲಿ ದುಬಾರಿಯಾದಾಗ ಈ ಕೆಲಸ ಹಿಂದೆ ಬಿತ್ತು. ಹೂ ಬಿಟ್ಟ ಹೊಲಕ್ಕೇ ಕೀಟನಾಶಕ ಹೊಡೆದಲ್ಲಿ ಇದ್ದ ಜೇನೂ ಸತ್ತಿತು. ಬೀಜಕ್ಕೆ ಕೊಟ್ಟ ಮಹತ್ವದಲ್ಲಿ ಕಾಲುಭಾಗವನ್ನೂ ವಿಸ್ತರಣಾ ವ್ಯವಸ್ಥೆ ಪರಾಗಸ್ಪರ್ಶಕ್ಕೆ ಕೊಡಲಿಲ್ಲ. ಈ ಬೆಳೆಯ ಕತೆಯಲ್ಲಿ ಅತ್ಯಂತ ಬೇಸರ ತರಿಸುವ ಲೋಪ ಇದೇ.

ಯಾವ ಕಾಲಕ್ಕೂ ಬಿತ್ತಬಹುದೆಂಬ ಅನುಕೂಲವೂ ತಿರುಗುಬಾಣವಾಯಿತು. ಒಂದೇ ಹೊಲದಲ್ಲಿ ಬೆಳೆಯ ಮೇಲೆ ಬೆಳೆ ಬಿತ್ತಿದ್ದರಿಂದ ನೆಲ ಸೊರಗಿತು, ರೋಗಕ್ಕೆ ವರ್ಷವಿಡೀ ಆಸರೆ ಸಿಕ್ಕಿತು. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಭಾಗದಲ್ಲಿ ನೆಕ್ರೋಸಿಸ್ ಎಂಬ ನಂಜಾಣು ರೋಗ ಕಾಣಿಸಿಕೊಂಡಿತು. ಎಲೆ ಸುಟ್ಟಂತಾಗಿ, ಕಾಂಡ ಸೊಟ್ಟಗಾಗಿ, ಎಳೆಯ ಗಿಡ ಸಾಯುತ್ತದೆ. ಬದುಕಿದ ಗಿಡದ ತೆನೆ ಮುರುಟುತ್ತದೆ. ತಂಬಾಕಿಗೂ ತಗಲುವ ಈ ನಂಜಾಣು ಬದುವಿನ ಪಾರ್ಥೇನಿಯಂ ಗಿಡದಲ್ಲಿ ಉಳಿದುಕೊಂಡು, ಅದರ ಪರಾಗ ಹಾಗೂ ಥ್ರಿಪ್ಸ್ ನುಸಿಯ ಮೂಲಕ ಬೆಳೆಗೆ ದಾಟುತ್ತದೆ. ಬದುವಿನ ಕಳೆ ಕೀಳುವುದು, ಹೊಲದ ಸುತ್ತ ಒತ್ತಾಗಿ ಜೋಳ ಬಿತ್ತುವುದು, ಬೀಜೋಪಚಾರ ಮಾಡುವುದು ಫಲ ಕೊಟ್ಟವು. ಆದರೆ ಒಬ್ಬ ರೈತ ಕಳೆ ಕಿತ್ತು ಪಕ್ಕದವನು ಬಿಟ್ಟರೆ ಪ್ರಯೋಜನವಿಲ್ಲ. ಊರೊಟ್ಟಿಗೆ ಆಗಬೇಕಾದ ಕೆಲಸವಿದು.

ರೋಗಕ್ಕಿಂತ ದೊಡ್ಡ ಹೊಡೆತ ಮಾರುಕಟ್ಟೆಯದು. 1994ರಿಂದ ಖಾದ್ಯತೈಲದ ಆಮದು ಸಡಿಲವಾಗಿ ಅಗ್ಗದ ಪಾಮೋಲಿನ್ ಬಂತು, ಮುಂದೆ ಉಕ್ರೇನ್, ರಷ್ಯಾ, ಅರ್ಜೆಂಟೀನಾಗಳ ಸೂರ್ಯಕಾಂತಿ ಎಣ್ಣೆಯೇ ಬಂತು. ಎರೆಹೊಲ ಕಡಲೆ, ತೊಗರಿ, ಹತ್ತಿ, ಮೆಕ್ಕೆಜೋಳಕ್ಕೆ ತಿರುಗಿತು. ಇಂದು ದೇಶದಲ್ಲಿ ಉಳಿದಿರುವ ಸೂರ್ಯಕಾಂತಿ ಆ ಹಿಂದಿನ ಕ್ಷೇತ್ರದ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿದೆ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧದಿಂದ ಕಪ್ಪು ಸಮುದ್ರದ ಸಾಗಣೆ ನಿಂತಾಗ ಅಡುಗೆಮನೆಯವರೆಗೂ ಇದರ ಬಿಸಿ ತಟ್ಟಿತು.

ಹಾಗೆಂದು ಹಳೆಯ 26 ಲಕ್ಷ ಹೆಕ್ಟೇರನ್ನೇ ಗುರಿಯಾಗಿಟ್ಟುಕೊಳ್ಳುವುದು ಸರಿಯಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮುಂಗಾರುಪೂರ್ವ ಮಳೆಗೆ ಬಿತ್ತಿ, ಕೊಯ್ದ ಮೇಲೆ ಹುರುಳಿಯಂಥ ಎರಡನೇ ಬೆಳೆ ತೆಗೆಯುವ ಪದ್ಧತಿಯಲ್ಲಿ ಸೂರ್ಯಕಾಂತಿಗೆ ತಕ್ಕ ಜಾಗವಿದೆ. ಎರೆನಾಡಿನಲ್ಲೂ ಎರಡು ಮೂರು ವರ್ಷಕ್ಕೊಮ್ಮೆ ಬೆಳೆ ಬದಲಾವಣೆಯಾಗಿ ಬರುವುದು ಒಳ್ಳೆಯದು. ಕೊರತೆ ಇರುವುದು ಬೆಲೆಯ ಭರವಸೆಯಲ್ಲಿ. ಕಚ್ಚಾ ಖಾದ್ಯತೈಲದ ಮೂಲ ಆಮದು ಸುಂಕ 2024ರ ಸೆಪ್ಟೆಂಬರಿನಲ್ಲಿ ಸೊನ್ನೆಯಿಂದ ಶೇ. 20ಕ್ಕೆ ಏರಿತು, 2025ರ ಮೇ ಕೊನೆಗೆ, ಮುಂಗಾರು ಬಿತ್ತನೆಯ ಹೊತ್ತಿನಲ್ಲೇ, ಶೇ. 10ಕ್ಕೆ ಇಳಿಯಿತು. ಬಿತ್ತನೆಗೆ ಮೊದಲೇ ಸುಂಕ ನಿಗದಿಯಾಗಿ ಕೊಯ್ಲಿನವರೆಗೆ ಅಲುಗದೆ ಉಳಿಯಬೇಕು, ಕಾಳು ಎಪಿಎಂಸಿಗೆ ಬರುವ ಮುನ್ನವೇ ಬೆಂಬಲ ಬೆಲೆಯ ಖರೀದಿ ಕೇಂದ್ರಗಳು ತೆರೆದಿರಬೇಕು.