ಟಾರ್ಚು ಹಿಡಿದವರ ಹಾವುಬೇಟೆ

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಗೋರೆಗಾಂವ್‌ನ ಆರೆ ಕಾಲೊನಿ, ಠಾಣೆಯ ಯೇವೂರು ಗುಡ್ಡದ ದಾರಿಗಳಲ್ಲಿ ರಾತ್ರಿ ಟಾರ್ಚುಗಳು ಓಡಾಡತೊಡಗುತ್ತವೆ. ಕಾಲಿಗೆ ಗಮ್‌ಬೂಟು, ಹೆಗಲಿಗೆ ಕ್ಯಾಮೆರಾ, ಹುಡುಕುವುದು ಹಾವು, ಹಲ್ಲಿ, ಕಪ್ಪೆ. ಹವ್ಯಾಸಿಗಳ ಬಾಯಲ್ಲಿ ಇದು ‘ಹರ್ಪಿಂಗ್’. ಮನೆಗೆ ಹಾವು ನುಗ್ಗಿದಾಗ ಫೋನ್ ಮಾಡಿ ಕರೆಸುವ ಸರ್ಪಮಿತ್ರರ ಕೆಲಸ ಬೇರೆ; ಇವರು ಹಾವಿನ ಮನೆಗೇ ಹೋಗುವವರು. ಕರೆಯದೆ ಹೋದ ನೆಂಟರು ಹೇಗೆ ನಡೆದುಕೊಂಡರು ಎಂಬುದರ ಮೇಲೆಯೇ ಈ ಹವ್ಯಾಸವನ್ನು ಅಳೆಯಬೇಕು.

ಊರಿಗೆ ಈ ಹುಚ್ಚು ಹೊಸದಲ್ಲ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸೇನಾ ವೈದ್ಯ ಫ್ರಾಂಕ್ ವಾಲ್ ಭಾರತದ ಹಾವುಗಳ ಬಗ್ಗೆ ವರ್ಷಗಟ್ಟಲೆ ಬರೆದರು. ಆಗ ಹಾವನ್ನು ಅರಿಯಬೇಕೆಂದರೆ ಕೊಂದು ಸೀಸೆಗೆ ಹಾಕಬೇಕಿತ್ತು. 1951ರಲ್ಲಿ ಹುಡುಗನಾಗಿ ಮುಂಬಯಿಗೆ ಬಂದ ರಾಮುಲಸ್ ವಿಟೇಕರ್ ಮುಂದೆ ಚೀಲದಲ್ಲಿ ಜೀವಂತ ಹಾವು ತುಂಬಿಕೊಂಡು ಹೆಸರಾದರು. ಅದೇ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಕಟ್ಟಿದರು. ಸೀಸೆ ಹೋಗಿ ಚೀಲ ಬಂತು, ಚೀಲ ಹೋಗಿ ಕ್ಯಾಮೆರಾ ಬಂತು. ಆದರೆ ಕ್ಯಾಮೆರಾ ಅಷ್ಟೊಂದು ಸಾಧು ಎಂದು ನಾನು ಒಪ್ಪಲಾರೆ.

ಬಿದಿರಿನ ಗುಳಿಮಂಡಲವೆಂಬ ಹಸಿರು ಹಾವನ್ನೇ ನೋಡಿ. ಟಾರ್ಚು ಹಾಯಿಸಿದರೆ ಜೇಡಗಳ ಕಣ್ಣು ಎಲ್ಲೆಡೆ ಮಿನುಗುತ್ತದೆ. ಹಾವು ಅಂಥ ಸುಳಿವು ಕೊಡುವುದಿಲ್ಲ. ಎಲೆಯ ಹಸಿರಿಗಿಂತ ತುಸು ದಟ್ಟವಾದ ಹಸಿರೊಂದು ಕೊಂಬೆಗೆ ಅಂಟಿದಂತೆ ಕಂಡು, ಆಮೇಲೆ ತ್ರಿಕೋನದ ತಲೆ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವಿನ ಗುಳಿ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತವೆ. ಬಿಸಿರಕ್ತದ ಇಲಿ ಹತ್ತಿರ ಬಂದದ್ದು ಆ ಗುಳಿಗೆ ಕತ್ತಲಲ್ಲೂ ತಿಳಿಯುತ್ತದೆ. ಬಾಲ ಕೊಂಬೆಗೆ ಸುತ್ತಿರುತ್ತದೆ, ಕುತ್ತಿಗೆ ಮಡಚಿ ಸಿದ್ಧವಾಗಿರುತ್ತದೆ. ಇದು ಅಟ್ಟಿಸಿಕೊಂಡು ಹೋಗುವ ಹಾವಲ್ಲ, ಹೊಂಚಿ ಕೂರುವ ಹಾವು. ರಾತ್ರಿ ಮೇಲೆ ರಾತ್ರಿ ಅದೇ ಪೊದೆಯಲ್ಲಿ ಸಿಗಬಹುದು. ತೊಡಕು ಶುರುವಾಗುವುದೂ ಅಲ್ಲೇ. ಒಬ್ಬ ಜಾಗ ಹೇಳಿಬಿಟ್ಟರೆ ಮಾರನೆಯ ರಾತ್ರಿ ಹತ್ತು ಫ್ಲ್ಯಾಶ್. ಎಲೆ ಅಡ್ಡ ಬಂತೆಂದು ಒಬ್ಬ ಎಲೆ ಕೀಳುತ್ತಾನೆ. ಮತ್ತೊಬ್ಬ ಕೊಕ್ಕೆಯಿಂದ ಹಾವನ್ನೇ ಎತ್ತಿ ಚಂದದ ಕೊಂಬೆಗೆ ಕೂರಿಸುತ್ತಾನೆ. ಅಂಥ ಫೋಟೊ ಗುರುತಿಸುವುದು ಕಷ್ಟವಲ್ಲ: ಬೋಳು ಕೊಂಬೆ, ಹಿಂದೆ ಕಪ್ಪು, ಲೆನ್ಸಿಗೇ ಮುಖ. ನೂರಾರು ಲೈಕು ಬೀಳುವುದು ಇವಕ್ಕೇ. ಹಾವು ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿರುವ ಹಾವನ್ನು ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ಅಪರಾಧದ ಮಾತು ಬಿಡಿ, ಕೈಹಾಕುವವರು ಇನ್ನೊಂದನ್ನು ನೆನಪಿಡಬೇಕು. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಗುಳಿಮಂಡಲ ಅದರಲ್ಲಿಲ್ಲ. ‘ಇದು ಕಚ್ಚಿದರೆ ಸಾಯುವುದಿಲ್ಲ ಬಿಡಿ’ ಎನ್ನುವ ಧೈರ್ಯಕ್ಕೆ ಔಷಧಿಯ ಬೆಂಬಲವಿಲ್ಲ.

ಹಾಗೆಂದು ಹವ್ಯಾಸವನ್ನೇ ತಳ್ಳಿಹಾಕಿದರೆ ಅದೂ ಅನ್ಯಾಯ. ಜೀಶಾನ್ ಮಿರ್ಜಾ ಮತ್ತು ರಾಜೇಶ್ ಸಾನಪ್ ಆರೆಯಲ್ಲಿ ಸುತ್ತಾಡಿ ಕಂಡ ಚೇಳೊಂದು 2010ರಲ್ಲಿ ಹೊಸ ಪ್ರಭೇದವಾಗಿ ‘ಲೈಕಾಸ್ ಆರೆಯೆನ್ಸಿಸ್’ ಎಂದು ದಾಖಲಾಯಿತು; ಹಾಲಿಗೆಂದು ಹುಟ್ಟಿದ ಆರೆ ಕಾಲೊನಿಯ ಹೆಸರು ಜೀವಶಾಸ್ತ್ರಕ್ಕೆ ಸೇರಿತು. 2019ರ ಅಕ್ಟೋಬರ್ 4ರಂದು ಆರೆಯ ಮರ ಕಡಿಯಬಾರದೆಂಬ ಅರ್ಜಿಗಳನ್ನು ಬಾಂಬೆ ಹೈಕೋರ್ಟ್ ತಳ್ಳಿಹಾಕಿದ ರಾತ್ರಿಯೇ ಮೆಟ್ರೊ ಕಾರ್‌ಶೆಡ್ಡಿಗಾಗಿ ಅಲ್ಲಿ ಕೊಡಲಿ ಬಿತ್ತು. 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು. ‘ಅದು ಕಾಡೇ ಅಲ್ಲ’ ಎಂಬ ವಾದಕ್ಕೆ ಎದುರಾಗಿ ಇಡಲು ಇಂಥವರು ಬರೆದಿಟ್ಟ ಪಟ್ಟಿಗಳಿದ್ದವು: ಯಾವ ತಿಂಗಳು, ಯಾವ ಹಳ್ಳ, ಯಾವ ಹಲ್ಲಿ. ಮರ ಉಳಿಸಲು ಅವು ಸಾಲಲಿಲ್ಲ ನಿಜ; ಆದರೆ ಕೊಕ್ಕೆಯ ಮೇಲೆ ಜೋತಾಡುವ ಹಾವಿನ ಫೋಟೊ ಅಷ್ಟಕ್ಕೂ ಬರುತ್ತಿರಲಿಲ್ಲ.

ನನ್ನ ತಕರಾರು ದುಡ್ಡು ತೆಗೆದುಕೊಂಡು ‘ಹಾವು ತೋರಿಸುವ’ ರಾತ್ರಿ ನಡಿಗೆಗಳ ಮೇಲೆ. ದುಡ್ಡು ಕೊಟ್ಟವನಿಗೆ ಹಾವು ಕಾಣಲೇಬೇಕು. ಕಾಣದಿದ್ದರೆ ಕಲ್ಲು ಮಗುಚಬೇಕು, ಮರದ ಪೊಟರೆ ಕೆದಕಬೇಕು. ಮಗುಚಿದ ಕಲ್ಲನ್ನು ಇದ್ದಂತೆ ಇಡದಿದ್ದರೆ ಅಡಿಯ ತೇವ ಆರಿ, ಅಲ್ಲಿದ್ದ ಹಲ್ಲಿ, ಚೇಳುಗಳ ಮನೆ ಹೋಯಿತು. ಮಾರ್ಗದರ್ಶಕರನ್ನು ಹುಡುಕುವವರು ಹಾವು ಗ್ಯಾರಂಟಿಯೇ ಎಂದು ಕೇಳುವ ಬದಲು, ಕಳೆದ ವರ್ಷ ಏನೇನು ದಾಖಲಿಸಿದಿರಿ, ಆರೆಯ ರಸ್ತೆಯಲ್ಲಿ ಗಾಡಿ ಹತ್ತಿ ಸತ್ತ ಹಾವುಗಳ ಲೆಕ್ಕ ಇಟ್ಟಿದ್ದೀರಾ ಎಂದು ಕೇಳಲಿ. ಉತ್ತರಕ್ಕೆ ತಡಬಡಾಯಿಸಿದರೆ ಮನೆಯಲ್ಲೇ ಇರುವುದು ಲೇಸು.